ಬಾರೋ ಮತ್ತು ಲೆಂಡ್: ಸಾಲ ಬಂದದ್ದೋ, ಹೋದದ್ದೋ?

ಪ್ರಶ್ನೆ ಕೇಳಿದವರು: ಲೆಡ್ಜರ್ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ನಾನು ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಹನ್ನೊಂದು ವರ್ಷಗಳಿಂದ ಗುಮಾಸ್ತನಾಗಿ ಕೆಲಸ ಮಾಡುತ್ತಿದ್ದೇನೆ. ನಮ್ಮ ನಡಾವಳಿ, ನೋಟಿಸು, ವಾರ್ಷಿಕ ವರದಿ ಎಲ್ಲವೂ ಕನ್ನಡದಲ್ಲೇ ಇರುವುದರಿಂದ ಇಂಗ್ಲಿಷ್ ಬರೆಯುವ ಪ್ರಸಂಗ ವರ್ಷಕ್ಕೆ ನಾಲ್ಕೈದು ಸಲ ಬಂದರೆ ಹೆಚ್ಚು. ಆದರೆ ಬಂದಾಗಲೆಲ್ಲ ಬಾರೋ ಮತ್ತು ಲೆಂಡ್ ಎಂಬ ಎರಡು ಪದಗಳ ಹತ್ತಿರ ನನ್ನ ಕೈ ನಿಂತುಬಿಡುತ್ತದೆ.

ಈಚೆಗೆ ಸಂಘದ ಹಳೆಯ ಲೆಕ್ಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಡೆಯಿತು. ಅದಕ್ಕಾಗಿ ಬಂದಿದ್ದ ಹೊರರಾಜ್ಯದ ಹುಡುಗರಿಗೆ ಕನ್ನಡ ಬಾರದ ಕಾರಣ ಹೊರಬಾಕಿಯ ವಿವರವನ್ನು ಇಂಗ್ಲಿಷಿನಲ್ಲಿ ಬರೆದುಕೊಡಬೇಕಾಯಿತು. ನಾನು “ದಿ ಸೊಸೈಟಿ ಹ್ಯಾಸ್ ಬಾರೋಡ್ 12 ಲ್ಯಾಕ್ಸ್ ಟು ಮೆಂಬರ್ಸ್” ಎಂದು ಬರೆದೆ. ಸಂಘವು ಸದಸ್ಯರಿಗೆ 12 ಲಕ್ಷ ರೂಪಾಯಿ ಸಾಲ ಕೊಟ್ಟಿದೆ ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. ಆ ಹುಡುಗರು ಸಂಘವೇ ಸಾಲ ಎತ್ತಿದೆ ಎಂದು ತಿಳಿದು, ಆಸ್ತಿಯ ಬದಿಯಲ್ಲಿ ಬರಬೇಕಾಗಿದ್ದ ಮೊತ್ತವನ್ನು ಜವಾಬ್ದಾರಿಯ ಬದಿಯಲ್ಲಿ ಕೂರಿಸಿಬಿಟ್ಟರು. ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ತಾಳೆಯಾಗಲಿಲ್ಲ. 24 ಲಕ್ಷದ ವ್ಯತ್ಯಾಸ ಬಂತು. ವ್ಯತ್ಯಾಸ ಬಂದಾಗ ಅದರ ಅರ್ಧದ ಮೊತ್ತ ಯಾವ ಬದಿಯಲ್ಲಿ ಕೂತಿದೆ ನೋಡು ಎಂದು ನನ್ನ ಹಿಂದಿನ ಕಾರ್ಯದರ್ಶಿಗಳು ಕಲಿಸಿದ್ದರಿಂದ ಎರಡನೆಯ ದಿನ ತಪ್ಪು ಸಿಕ್ಕಿತು. ತಪ್ಪು ನನ್ನದೇ, ಆ ಹುಡುಗರದ್ದಲ್ಲ.

ನನ್ನ ಬಳಿ ಇರುವ ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಎರಡೂ ಪದಗಳ ಮುಂದೆ ‘ಸಾಲ’ ಎಂಬ ಮಾತು ಇದೆ. ಹಾಗಾದರೆ ಇವೆರಡಕ್ಕೂ ಇರುವ ವ್ಯತ್ಯಾಸವೇನು? ಬರೆಯುವ ಹೊತ್ತಿಗೆ ಅದನ್ನು ನೆನಪಿಗೆ ತಂದುಕೊಳ್ಳುವುದು ಹೇಗೆ? ಹಣಕ್ಕೆ ಮಾತ್ರವಲ್ಲದೆ ಪುಸ್ತಕ, ಪೆನ್ನು, ಏಣಿ, ಸಕ್ಕರೆ ಮುಂತಾದವಕ್ಕೂ ಇವೇ ಪದಗಳು ಬರುತ್ತವೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.


ಉತ್ತರ: ನಿವೃತ್ತ ಮೇಷ್ಟ್ರು

ಲೆಕ್ಕಿಗರೇ, ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಈ ತಪ್ಪು ಹಳೆಯ ನೆಂಟನಂತೆ. “ಸರ್, ಕ್ಯಾನ್ ಯು ಬಾರೋ ಮಿ ಯುವರ್ ಪೆನ್” ಎಂದು ಕೇಳದ ವಿದ್ಯಾರ್ಥಿ ಇರಲಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಸಿಟ್ಟಾಗುತ್ತಿದ್ದೆ, ಆಮೇಲೆ ತಪ್ಪು ಎಲ್ಲಿಂದ ಹುಟ್ಟುತ್ತದೆ ಎಂದು ಯೋಚಿಸತೊಡಗಿದೆ. ಅದು ಹುಟ್ಟುವುದು ನಿಮ್ಮ ನಿಘಂಟಿನ ಆ ಒಂದು ಪದದಿಂದಲೇ.

ಕನ್ನಡದಲ್ಲಿ ಸಾಲ ಎಂಬುದು ನಾಮಪದ. ಆ ಸಾಲ ಯಾವ ಕಡೆಗೆ ಹರಿಯಿತು ಎಂದು ಹೇಳುವ ಕೆಲಸವನ್ನು ಅದರ ಪಕ್ಕದಲ್ಲಿ ನಿಲ್ಲುವ ಕ್ರಿಯಾಪದ ಮಾಡುತ್ತದೆ: ಸಾಲ ಕೊಟ್ಟೆ ಎಂದರೆ ಹೋಯಿತು, ಸಾಲ ಪಡೆದೆ, ತೆಗೆದುಕೊಂಡೆ, ಎತ್ತಿದೆ ಎಂದರೆ ಬಂತು. ಇಂಗ್ಲಿಷಿನ ಬಾರೋ ಮತ್ತು ಲೆಂಡ್ ಪದಗಳಲ್ಲಿ ಈ ದಿಕ್ಕು ಪದದ ಹೊಟ್ಟೆಯೊಳಗೇ ಇದೆ; ಬೇರೊಂದು ಪದವನ್ನು ಕರೆತರುವ ಅಗತ್ಯ ಅವಕ್ಕಿಲ್ಲ. ಆದ್ದರಿಂದ ಬಾರೋ ಎಂದರೆ ‘ಸಾಲ’ ಎಂದು ಬಾಯಿಪಾಠ ಮಾಡಿದವನು ಅರ್ಧ ಅರ್ಥವನ್ನು ಮಾತ್ರ ಕಲಿತಿರುತ್ತಾನೆ, ಮತ್ತು ಕಲಿಯದೆ ಬಿಟ್ಟ ಆ ಅರ್ಧದಲ್ಲೇ ಎಲ್ಲ ವ್ಯತ್ಯಾಸವೂ ಇರುತ್ತದೆ. ಬಾರೋ ಎಂದರೆ ‘ಸಾಲ ತೆಗೆದುಕೊಳ್ಳು’, ಲೆಂಡ್ ಎಂದರೆ ‘ಸಾಲ ಕೊಡು’ ಎಂದು ಕ್ರಿಯಾಪದವನ್ನೂ ಸೇರಿಸಿಯೇ ಕಲಿಯಬೇಕು.

ಒಂದೇ ವ್ಯವಹಾರವನ್ನು ಎರಡು ಬಗೆಯಲ್ಲಿ ಹೇಳಬಹುದು ಎಂಬುದನ್ನು ಗಮನಿಸಿ. ಸೀತೆಯ ಪುಸ್ತಕ ರಾಜುವಿನ ಕೈಗೆ ಹೋಯಿತು ಎಂದುಕೊಳ್ಳಿ. ಸೀತೆಯನ್ನು ವಾಕ್ಯದ ಕರ್ತೃವಾಗಿ ಮಾಡಿದರೆ “ಸೀತಾ ಲೆಂಟ್ ಎ ಬುಕ್ ಟು ರಾಜು” ಎನ್ನಬೇಕು. ರಾಜುವನ್ನು ಕರ್ತೃವಾಗಿ ಮಾಡಿದರೆ “ರಾಜು ಬಾರೋಡ್ ಎ ಬುಕ್ ಫ್ರಮ್ ಸೀತಾ” ಎನ್ನಬೇಕು. ಪುಸ್ತಕ ಸಾಗಿದ ದಾರಿ ಒಂದೇ, ನಾವು ದಾರಿಯ ಯಾವ ತುದಿಯಲ್ಲಿ ನಿಂತು ಹೇಳುತ್ತೇವೆ ಎಂಬುದಷ್ಟೇ ಬದಲಾಯಿತು. ವಸ್ತು ಕರ್ತೃವಿನ ಕಡೆಗೆ ಬಂದರೆ ಬಾರೋ, ಕರ್ತೃವಿನ ಕೈಬಿಟ್ಟು ಹೋದರೆ ಲೆಂಡ್. ಇದನ್ನು ನೆನಪಿಡಲು ಕನ್ನಡಿಗರಿಗೆ ಒಂದು ಸುಲಭ ಉಪಾಯವಿದೆ, ಅದು ಇಂಗ್ಲಿಷ್ ವ್ಯಾಕರಣದ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ: ಬಾರೋ ಎಂದು ನಾವು ಯಾರನ್ನು ಕರೆಯುತ್ತೇವೆಯೋ ಅವನು ನಮ್ಮ ಕಡೆಗೇ ಬರುತ್ತಾನೆ. ಪುಸ್ತಕವನ್ನೋ ಹಣವನ್ನೋ ‘ಬಾರೋ’ ಎಂದು ಕರೆದರೆ ಅದು ಕರೆದವನ ಬಳಿಗೆ ಬರಬೇಕು. ಕರೆಯುವವನು ಯಾವಾಗಲೂ ವಾಕ್ಯದ ಕರ್ತೃ. ನಿಮ್ಮ ವಾಕ್ಯದಲ್ಲಿ ‘ಬಾರೋ’ ಎಂದು ಕೂಗಿದ್ದು ಸಂಘ. ಹಾಗಾಗಿ ಆ ಹುಡುಗರು 12 ಲಕ್ಷವನ್ನು ಸಂಘದ ಕಡೆಗೆ ಕರೆತಂದರು. ಅವರು ಓದಿದ್ದು ಸರಿಯಾಗಿಯೇ ಇತ್ತು.

ಟು ಮತ್ತು ಫ್ರಮ್ ಎಂಬ ಸಣ್ಣ ಪದಗಳ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮವರು ಎಡವುವ ಇನ್ನೊಂದು ಜಾಗ ಅದು. ಬಾರೋ ಬಂದರೆ ಅದರ ಜೊತೆಗೆ ಫ್ರಮ್, ಲೆಂಡ್ ಬಂದರೆ ಟು. ಕನ್ನಡದ ‘ಇಂದ’ ಮತ್ತು ‘ಗೆ’ ಪ್ರತ್ಯಯಗಳಿಗೆ ಇವು ಸರಿಹೊಂದುತ್ತವೆ, ಆದ್ದರಿಂದ ಕಷ್ಟವಾಗಬಾರದು. ಆದರೆ ಮಾತಿನಲ್ಲಿ ನಾವು “ಅವರಿಂದ ಸಾಲ ತೆಗೆದುಕೊಂಡೆ” ಎನ್ನುವುದಕ್ಕಿಂತ “ಅವರ ಹತ್ತಿರ ಸಾಲ ತೆಗೆದುಕೊಂಡೆ” ಎನ್ನುವುದೇ ಹೆಚ್ಚು. ಆ ‘ಹತ್ತಿರ’ವೇ ಇಂಗ್ಲಿಷಿಗೆ ನುಸುಳಿ “ಐ ಬಾರೋಡ್ ವಿತ್ ಹಿಮ್” ಎಂಬ ವಿಚಿತ್ರ ವಾಕ್ಯವಾಗುತ್ತದೆ. ಅದಕ್ಕೆ ‘ಅವರೂ ನಾನೂ ಸೇರಿ ಸಾಲ ಮಾಡಿದೆವು’ ಎಂಬ ಅರ್ಥ ಬರುತ್ತದೆ. ಜಂಟಿ ಸಾಲದ ಪತ್ರಗಳನ್ನು ನೋಡುವ ನಿಮಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ.

‘ಲೆಂಡ್ ಮಿ’ ಎನ್ನಬಹುದು, ‘ಬಾರೋ ಮಿ’ ಎನ್ನಬಾರದು. ಗಿವ್, ಸೆಂಡ್, ಶೋ ಮುಂತಾದ ಕೊಡುವ ಜಾತಿಯ ಕ್ರಿಯಾಪದಗಳ ಮುಂದೆ ಪಡೆಯುವವನನ್ನು ನೇರವಾಗಿ ನಿಲ್ಲಿಸುವ ಪದ್ಧತಿ ಇಂಗ್ಲಿಷಿನಲ್ಲಿದೆ, ಲೆಂಡ್ ಅದೇ ಜಾತಿಗೆ ಸೇರಿದ್ದು. ಭೂತಕಾಲದಲ್ಲಿ ಸೆಂಡ್ ಸೆಂಟ್ ಆಗುವಂತೆ ಲೆಂಡ್ ಲೆಂಟ್ ಆಗುತ್ತದೆ. ಲೆಂಡೆಡ್ ಎಂಬುದು ಇಲ್ಲ. ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಆಚರಿಸುವ ಲೆಂಟ್ ವ್ರತಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ವಸಂತ ಋತುವಿನ ಹಳೆಯ ಹೆಸರಿನಿಂದ ಬಂದದ್ದು.

ಇನ್ನು ಪೆನ್ನು, ಏಣಿಗಳ ವಿಷಯ. ಇಂಗ್ಲಿಷಿನಲ್ಲಿ ಹಣಕ್ಕೂ ವಸ್ತುಗಳಿಗೂ ಇವೇ ಎರಡು ಪದಗಳು ನಡೆಯುತ್ತವೆ. ಆದರೆ ವಸ್ತು ಜಾಗ ಬಿಟ್ಟು ಕದಲುವಂತಿರಬೇಕು. ಗೋಡೆಗೆ ಹೊಂದಿಸಿದ ಫೋನನ್ನೋ ಸ್ನಾನದ ಮನೆಯನ್ನೋ ‘ಬಾರೋ’ ಮಾಡುವುದಿಲ್ಲ, ಅಲ್ಲಿ ಯೂಸ್ ಎನ್ನುತ್ತಾರೆ. ಹಾಗೆಯೇ ಬಾಡಿಗೆ ಕೊಟ್ಟು ತಂದ ಸೈಕಲ್ಲು, ಶಾಮಿಯಾನ, ಪಾತ್ರೆಗಳಿಗೆ ಬಾರೋ ಹೊಂದುವುದಿಲ್ಲ. ಅದು ರೆಂಟ್ ಅಥವಾ ಹೈರ್. ಬಡ್ಡಿ ಎಂಬುದು ಹಣದ ಬಾಡಿಗೆಯೇ ಅಲ್ಲವೇ, ಹಾಗಿದ್ದರೆ ಬ್ಯಾಂಕಿನ ಸಾಲಕ್ಕೇಕೆ ಬಾರೋ ಎನ್ನುತ್ತಾರೆ ಎಂದು ಒಬ್ಬ ಹುಡುಗ ತರಗತಿಯಲ್ಲಿ ಕೇಳಿದ್ದ. ಪ್ರಶ್ನೆ ಚೆನ್ನಾಗಿತ್ತು, ಭಾಷೆ ಹಾಗೆ ರೂಢಿಸಿಕೊಂಡಿದೆ ಎನ್ನುವುದನ್ನು ಬಿಟ್ಟು ನನ್ನಲ್ಲಿ ಉತ್ತರವಿರಲಿಲ್ಲ. ಅಂದಹಾಗೆ ರೆಂಟ್ ಎಂಬ ಪದ ನಮ್ಮ ಸಾಲದ ಹಾಗೆ ಎರಡೂ ಕಡೆಗೆ ಹರಿಯುತ್ತದೆ: ಮಾಲೀಕನೂ ಮನೆಯನ್ನು ರೆಂಟ್ ಮಾಡುತ್ತಾನೆ, ಬಾಡಿಗೆದಾರನೂ ರೆಂಟ್ ಮಾಡುತ್ತಾನೆ. ಕೊಡುವವನ ಕಡೆಯಿಂದ ಮಾತ್ರ ಹೇಳಬೇಕಾದಾಗ ಲೆಟ್ ಎಂಬ ಪದವಿದೆ. ಬೆಂಗಳೂರಿನ ಗೇಟುಗಳ ಮೇಲೆ ತೂಗುವ ‘ಟು ಲೆಟ್’ ಹಲಗೆಯಲ್ಲಿರುವುದು ಅದೇ.


ಉತ್ತರ: ಪದಬೇರು

ಮೇಷ್ಟ್ರು ಇಂಗ್ಲಿಷಿನ ಕಡೆಯಿಂದ ಹೇಳಿದ್ದಾರೆ. ನಾನು ಕನ್ನಡದ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ನಮ್ಮಲ್ಲಿ ಸಾಲ ಎಂಬ ಒಂದೇ ಪದವಿದೆ ಎನ್ನುವಂತೆ ಚರ್ಚೆ ಸಾಗುತ್ತಿದೆ, ಅದು ಪೂರ್ಣ ನಿಜವಲ್ಲ.

ಪಕ್ಕದ ಮನೆಯಿಂದ ಏಣಿಯನ್ನೋ ಮದುವೆಗೆ ಹಾಕಿಕೊಳ್ಳಲು ಸರವನ್ನೋ ತಂದರೆ ಅದು ಎರವಲು. ತಂದ ಏಣಿಯನ್ನೇ ಹಿಂದಿರುಗಿಸಬೇಕು. ಅಂಥದೇ ಬೇರೊಂದು ಏಣಿಯನ್ನು ಕೊಟ್ಟರೆ ಪಕ್ಕದ ಮನೆಯವರು ಒಪ್ಪುವುದಿಲ್ಲ. ಅದೇ ಮನೆಯಿಂದ ಒಂದು ಲೋಟ ಸಕ್ಕರೆಯನ್ನು ತಂದರೆ ಅದು ಕಡ. ತಂದ ಸಕ್ಕರೆ ಕಾಫಿಯಲ್ಲಿ ಕರಗಿಹೋಗಿರುತ್ತದೆ, ನಾವು ಹಿಂದಿರುಗಿಸುವುದು ಅಷ್ಟೇ ಪ್ರಮಾಣದ ಬೇರೆ ಸಕ್ಕರೆಯನ್ನು. ಹಣ ಸ್ವಭಾವತಃ ಸಕ್ಕರೆಯ ಜಾತಿಯದು, ಆದ್ದರಿಂದಲೇ ಕಾಗದ ಪತ್ರವಿಲ್ಲದೆ ನಾಲ್ಕು ದಿನದ ಮಟ್ಟಿಗೆ ಪಡೆದ ಹಣಕ್ಕೆ ಕೈಗಡ ಎನ್ನುತ್ತೇವೆ. ಬಡ್ಡಿ, ಕಂತು, ಜಾಮೀನುಗಳ ಲೋಕಕ್ಕೆ ಬಂದರೆ ಸಾಲ. ಅಂಗಡಿಯವನು ಬರೆದುಕೊಂಡು ಸಾಮಾನು ಕೊಟ್ಟರೆ ಅದು ಉದ್ರಿ. ಮಾತಿನಲ್ಲಿ ಈ ಗಡಿಗಳು ಬೆರೆಯುತ್ತವೆ, ಮಕ್ಕಳು ಪೆನ್ಸಿಲನ್ನೂ ಕಡ ಕೇಳುತ್ತಾರೆ. ಆದರೆ ಸಕ್ಕರೆಯನ್ನು ಎರವಲು ತಂದೆ ಎಂದು ಹೇಳಿದವರನ್ನು ನಾನು ಕಂಡಿಲ್ಲ. ರೋಮನ್ ಕಾನೂನು ಅದೇ ವಸ್ತುವನ್ನು ಮರಳಿಸಬೇಕಾದ ಸಾಲವನ್ನು ಕೊಮ್ಮೊದಾತುಮ್ ಎಂದೂ ಅಷ್ಟೇ ಪ್ರಮಾಣವನ್ನು ಮರಳಿಸಬೇಕಾದ ಸಾಲವನ್ನು ಮೂತುವುಮ್ ಎಂದೂ ಬೇರೆ ಬೇರೆಯಾಗಿ ಹೆಸರಿಸಿತ್ತು. ಇಂಗ್ಲಿಷಿನ ಬಾರೋ ಈ ಭೇದವನ್ನು ಎಣಿಸುವುದಿಲ್ಲ, ಅದಕ್ಕೆ ಏಣಿಯೂ ಒಂದೇ ಸಕ್ಕರೆಯೂ ಒಂದೇ. ಅಂದರೆ ಇಂಗ್ಲಿಷ್ ದಿಕ್ಕನ್ನು ಪದದಲ್ಲೇ ಗುರುತಿಸುತ್ತದೆ, ಕನ್ನಡ ಮರಳಿ ಬರಬೇಕಾದದ್ದು ಯಾವುದು ಎಂಬುದನ್ನು ಪದದಲ್ಲೇ ಗುರುತಿಸುತ್ತದೆ.

ಎರವಲು ಎಂಬುದರ ಮೂಲ ಬೇಡು ಎಂಬ ಅರ್ಥದ ಎರೆ ಎಂಬ ಹಳೆಯ ಧಾತು. ತಮಿಳಿನ ಇರವಲ್, ತೆಲುಗಿನ ಎರವು ಇದರ ಬಳಗದವು. ಕಡ ಎಂಬುದು ತಮಿಳಿನ ಕಡನ್ ಪದದ ಒಡಹುಟ್ಟು. ಹಳೆ ಮೈಸೂರಿನ ಕಡೆ ದಿನವೂ ಕೇಳುವ “ಇಸ್ಕೊಂಡೆ” ಎಂಬ ಮಾತು ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು. ಕೊಡು ಎಂಬ ಅರ್ಥದ ಈ ಎಂಬ ಧಾತುವಿಗೆ ಪ್ರೇರಣಾರ್ಥಕ ಸೇರಿ ಈಸು, ಅದಕ್ಕೆ ಕೊಳ್ಳು ಸೇರಿ ಈಸಿಕೊಳ್ಳು. ಎಂದರೆ ‘ಇನ್ನೊಬ್ಬರು ತನಗೆ ಕೊಡುವಂತೆ ಮಾಡಿಕೊಳ್ಳು’. ಬಾರೋ ಪದದ ದಿಕ್ಕನ್ನು ಸಂಪೂರ್ಣವಾಗಿ ಹಿಡಿದಿಟ್ಟ ಕನ್ನಡ ಕ್ರಿಯಾಪದ ಯಾವುದು ಎಂದು ನನ್ನನ್ನು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ‘ಸಾಲ ಮಾಡು’ ಎಂಬುದೂ ಒಂದೇ ದಿಕ್ಕಿನದು ಎಂಬುದನ್ನು ಗಮನಿಸಿ: ಸಾಲ ಮಾಡಿದವನು ಪಡೆದವನೇ ಹೊರತು ಕೊಟ್ಟವನಲ್ಲ.

ಲೆಕ್ಕಿಗರಿಗೆ ಒಂದು ಎಚ್ಚರಿಕೆ. ಕ್ರಿಯಾಪದದಲ್ಲಿ ಎಡವುವುದು ಹಾಗಿರಲಿ, ಸಾಲಗಾರ ಎಂಬ ನಮ್ಮದೇ ನಾಮಪದ ಎರಡು ಮುಖದ್ದು. “ಸಾಲಗಾರರು ಮನೆ ಬಾಗಿಲಿಗೆ ಬಂದು ಕೂತರು” ಎಂಬಲ್ಲಿ ಸಾಲಗಾರರು ಕೊಟ್ಟವರು; “ಅವನು ದೊಡ್ಡ ಸಾಲಗಾರ” ಎಂಬಲ್ಲಿ ಪಡೆದವನು. ಸರ್ವಜ್ಞನ ಪ್ರಸಿದ್ಧ ತ್ರಿಪದಿಯಲ್ಲಿ ಕಿಬ್ಬದಿಯ ಕೀಲು ಮುರಿದಂತೆ ಎಳೆಯುವ ಸಾಲಿಗರು ವಸೂಲಿಗೆ ಬಂದ ಸಾಲ ಕೊಟ್ಟವರು. ನಿಮ್ಮ ಸಂಘದ ಆಡಳಿತ ಮಂಡಳಿಯ ಚುನಾವಣೆಯಲ್ಲಿರುವ ‘ಸಾಲಗಾರರ ಕ್ಷೇತ್ರ’ ಮಾತ್ರ ಸಾಲ ಪಡೆದ ಸದಸ್ಯರದು. ಇಂಗ್ಲಿಷಿನಲ್ಲಿ ಈ ಗೊಂದಲಕ್ಕೆ ಜಾಗವಿಲ್ಲ, ಬಾರೋವರ್ ಪಡೆದವನು, ಲೆಂಡರ್ ಕೊಟ್ಟವನು. ಆದ್ದರಿಂದ ಸಾಲಗಾರ ಎಂಬುದನ್ನು ಇಂಗ್ಲಿಷಿಗೆ ತರುವಾಗ ಹಣ ಯಾರ ಕೈಯಲ್ಲಿದೆ ಎಂದು ಮೊದಲು ನೋಡಿಕೊಳ್ಳಿ.

ಇಂಗ್ಲಿಷರೂ ಹಿಂದೆ ಈ ವಿಷಯದಲ್ಲಿ ಅಷ್ಟೇನೂ ಖಚಿತವಾಗಿರಲಿಲ್ಲ. ಬಾರೋ ಪದದ ಹಳೆಯ ರೂಪ ಬೊರ್ಗಿಯನ್, ಅದರ ಬೇರಿನಲ್ಲಿರುವುದು ಒತ್ತೆ, ಜಾಮೀನು ಎಂಬ ಅರ್ಥ. ಆ ಹಳೆಯ ರೂಪಕ್ಕೆ ಸಾಲ ಕೊಡು ಎಂಬ ಅರ್ಥವೂ ಇತ್ತು. ಒತ್ತೆ ಇಟ್ಟು ಪಡೆಯುವವನ ಕಡೆಗೆ ಅರ್ಥ ವಾಲಿದ್ದು ಆಮೇಲೆ. ಲೆಂಡ್ ಪದದ ಕೊನೆಯ ‘ಡ್’ ಮೂಲದಲ್ಲಿ ಇರಲೇ ಇಲ್ಲ, ಭೂತಕಾಲದ ರೂಪದಿಂದ ಬಂದು ಅಂಟಿಕೊಂಡದ್ದು. ಲೋನ್ ಎಂಬ ನಾಮಪದವಂತೂ ಉತ್ತರದ ನಾರ್ಸ್ ಭಾಷೆಯಿಂದ ಬಂದದ್ದು, ಅಂದರೆ ಸಾಲಕ್ಕೆ ಇಂಗ್ಲಿಷಿನಲ್ಲಿರುವ ಹೆಸರೇ ಎರವಲು ಪದ. ನಾವು ಭಾಷಾಶಾಸ್ತ್ರದಲ್ಲಿ ‘ಎರವಲು ಪದ’ ಎನ್ನುವುದು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ, ಏಕೆಂದರೆ ಈ ಎರವಲನ್ನು ಯಾರೂ ಹಿಂದಿರುಗಿಸಿದ್ದಿಲ್ಲ, ಕೊಟ್ಟ ಭಾಷೆಗೆ ಏನೂ ಕಡಿಮೆಯಾಗಿದ್ದೂ ಇಲ್ಲ.


ಉತ್ತರ: ಕಾಮಗಾರಿ

ಹಿಂದಿರುಗಿಸದ ಎರವಲಿನ ಮಾತು ಬಂದದ್ದರಿಂದ ನನ್ನ ವೃತ್ತಿಯ ಒಂದು ಪದವನ್ನು ಹೇಳುತ್ತೇನೆ. ರಸ್ತೆ ಅಥವಾ ಕೆರೆ ಏರಿಯ ಕೆಲಸದಲ್ಲಿ ಮಣ್ಣು ಸಾಲದೆ ಬಂದಾಗ ಹತ್ತಿರದ ಬೇರೆ ಜಾಗದಲ್ಲಿ ಅಗೆದು ತರುತ್ತೇವೆ. ಆ ಗುಂಡಿಗೆ ಬಾರೋ ಪಿಟ್ ಎಂದು ಹೆಸರು. ಅಂದಾಜುಪಟ್ಟಿಯಲ್ಲೂ ಹಾಗೆಯೇ ಬರೆಯುತ್ತೇವೆ. ತಂದ ಮಣ್ಣು ಏರಿಯಲ್ಲೇ ಉಳಿಯುತ್ತದೆ, ಗುಂಡಿ ಮಳೆನೀರು ತುಂಬಿಕೊಂಡು ಗುಂಡಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಬಾರೋ ಎಂದರೆ ಮರಳಿಸಲೇಬೇಕು ಎಂಬ ನಿಯಮ ಎಲ್ಲ ಕಡೆ ನಡೆಯುವುದಿಲ್ಲ, ಆದರೆ ದಿಕ್ಕಿನ ನಿಯಮ ಇಲ್ಲಿಯೂ ನಡೆಯುತ್ತದೆ: ಮಣ್ಣು ಕೆಲಸ ಮಾಡುವವನ ಕಡೆಗೆ ಬಂತು. ಕಳೆಯುವ ಲೆಕ್ಕದಲ್ಲಿ ಹತ್ತರ ಸ್ಥಾನದಿಂದ ಬಿಡಿ ಸ್ಥಾನಕ್ಕೆ ಸಾಲ ತರುವುದಕ್ಕೂ ಇಂಗ್ಲಿಷಿನಲ್ಲಿ ಬಾರೋ ಎಂದೇ ಹೇಳಿಕೊಡುತ್ತಿದ್ದರು. ಅದನ್ನೂ ಯಾರೂ ತೀರಿಸುವುದಿಲ್ಲ.


ಉತ್ತರ: ಸ್ಟುಟ್‌ಗಾರ್ಟ್ ಕನ್ನಡಿಗ

ಜರ್ಮನಿಯಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ. ಇಲ್ಲಿಯವರು ಇಂಗ್ಲಿಷ್ ಮಾತನಾಡುವಾಗ ಇದೇ ತಪ್ಪನ್ನು ಮಾಡುವುದನ್ನು ಕೇಳಿ ನನಗೆ ಮೊದಮೊದಲು ಆಶ್ಚರ್ಯವಾಗುತ್ತಿತ್ತು. ಜರ್ಮನ್ ಭಾಷೆಯ ಲೈಯೆನ್ ಎಂಬ ಕ್ರಿಯಾಪದ ಕೊಡುವುದಕ್ಕೂ ಪಡೆಯುವುದಕ್ಕೂ ಬರುತ್ತದೆ. ಬಾರೋ ಪದದ ನೆಂಟನಾದ ಬೋರ್ಗೆನ್ ಕೂಡ ಹಾಗೆಯೇ. ಅಮೆರಿಕದ ವಿಸ್ಕಾನ್ಸಿನ್, ಮಿನೆಸೋಟ ರಾಜ್ಯಗಳಲ್ಲಿ ಜರ್ಮನ್ ಮತ್ತು ಸ್ಕ್ಯಾಂಡಿನೇವಿಯನ್ ಮೂಲದವರು ಬಹಳವಾಗಿ ನೆಲೆಸಿದ್ದರಿಂದ ಅಲ್ಲಿನ ಆಡುಮಾತಿನಲ್ಲಿ ‘ಬಾರೋ ಮಿ’ ಎಂಬುದು ಈಗಲೂ ಕೇಳಿಬರುತ್ತದೆ, ಅದೂ ಇಂಗ್ಲಿಷ್ ತಾಯ್ನುಡಿಯಾಗಿರುವವರ ಬಾಯಲ್ಲಿ. ಮೇಷ್ಟ್ರ ವಿದ್ಯಾರ್ಥಿಗಳು ಅಲ್ಲಿ ಹುಟ್ಟಿದ್ದರೆ ಅಷ್ಟಾಗಿ ಬೈಸಿಕೊಳ್ಳುತ್ತಿರಲಿಲ್ಲ. ಆದರೆ ಲೆಕ್ಕಪತ್ರದಲ್ಲಿ ಅಲ್ಲಿಯೂ ಅದು ನಡೆಯುವುದಿಲ್ಲ.


ಮರುಪ್ರಶ್ನೆ: ಲೆಡ್ಜರ್ ಲೆಕ್ಕಿಗ

ಎಲ್ಲರಿಗೂ ಧನ್ಯವಾದಗಳು. ‘ಬಾರೋ’ ಎಂದು ಕರೆಯುವ ಉಪಾಯ ಇನ್ನು ಮರೆಯುವಂತಿಲ್ಲ. ಸಾಲಗಾರ ಪದದ ವಿಷಯ ಓದಿ ನನ್ನ ಮೇಜಿನ ಮೇಲಿನ ರಿಜಿಸ್ಟರನ್ನು ಒಮ್ಮೆ ನೋಡಿಕೊಂಡೆ; ಅದರ ಬೆನ್ನಿನ ಮೇಲೆ ‘ಸಾಲಗಾರರ ಪಟ್ಟಿ’ ಎಂದೇ ಇದೆ, ಒಳಗೆ ಪಡೆದವರ ಹೆಸರುಗಳಿವೆ.

ಎರಡು ಸಂದೇಹಗಳು ಉಳಿದಿವೆ. ನಮ್ಮ ಸಂಘ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನಿಂದ ಸಾಲ ಪಡೆದು ಅದೇ ಹಣವನ್ನು ಸದಸ್ಯರಿಗೆ ಬೆಳೆ ಸಾಲವಾಗಿ ಕೊಡುತ್ತದೆ. ಹೀಗಿರುವಾಗ ನಮ್ಮ ಸಂಘವನ್ನು ಬಾರೋವರ್ ಎನ್ನಬೇಕೋ ಲೆಂಡರ್ ಎನ್ನಬೇಕೋ? ಎರಡನೆಯದಾಗಿ, ಈ ತೊಂದರೆಯೇ ಬೇಡವೆಂದು ‘ವಿ ಹ್ಯಾವ್ ಲೋನ್ಡ್’ ಎಂದು ಬರೆದರೆ ನಡೆಯುತ್ತದೆಯೇ?


ಉತ್ತರ: ನಿವೃತ್ತ ಮೇಷ್ಟ್ರು

ಮೊದಲನೆಯ ಪ್ರಶ್ನೆಗೆ ಉತ್ತರ: ಎರಡೂ ಹೌದು, ಆದರೆ ಒಂದೇ ವಾಕ್ಯದಲ್ಲಿ ಒಂದೇ ಉಸಿರಿನಲ್ಲಿ ಅಲ್ಲ. ನಿಮ್ಮ ಸಂಘ ಸದಸ್ಯನ ಎದುರಿಗೆ ಲೆಂಡರ್, ಜಿಲ್ಲಾ ಬ್ಯಾಂಕಿನ ಎದುರಿಗೆ ಬಾರೋವರ್. ಜಿಲ್ಲಾ ಬ್ಯಾಂಕು ನಿಮ್ಮ ಎದುರಿಗೆ ಲೆಂಡರ್, ರಾಜ್ಯಮಟ್ಟದ ಸಹಕಾರ ಬ್ಯಾಂಕಾದ ಬೆಂಗಳೂರಿನ ಅಪೆಕ್ಸ್ ಬ್ಯಾಂಕಿನ ಎದುರಿಗೆ ಬಾರೋವರ್. ಅಪೆಕ್ಸ್ ಬ್ಯಾಂಕು 1982ರಲ್ಲಿ ಸ್ಥಾಪನೆಯಾದ, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡಿನಿಂದ ಮರುಹಣಕಾಸು ಪಡೆಯುವಾಗ ತಾನೂ ಬಾರೋವರ್. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾದಂದಿನಿಂದ ಇಂಥ ಸಂಘಗಳ ಕೆಲಸವೇ ಒಂದು ಕೈಯಲ್ಲಿ ಪಡೆದು ಇನ್ನೊಂದು ಕೈಯಲ್ಲಿ ಕೊಡುವುದು. ನಿಮ್ಮ ಅಢಾವೆ ಪತ್ರಿಕೆ ಈ ವಿಷಯದಲ್ಲಿ ನಮ್ಮ ನಿಘಂಟುಗಳಿಗಿಂತ ಉತ್ತಮ ಗುರು: ಜವಾಬ್ದಾರಿಯ ಬದಿಯಲ್ಲಿರುವ ಸಾಲವೆಲ್ಲ ಸಂಘ ಬಾರೋ ಮಾಡಿದ್ದು, ಆಸ್ತಿಯ ಬದಿಯಲ್ಲಿರುವ ಸಾಲವೆಲ್ಲ ಸಂಘ ಲೆಂಡ್ ಮಾಡಿದ್ದು. ಸಂದೇಹ ಬಂದಾಗ ಆ ಮೊತ್ತ ಯಾವ ಬದಿಯಲ್ಲಿ ಕೂರುತ್ತದೆ ಎಂದು ಕೇಳಿಕೊಂಡರೆ ಸಾಕು. ಪತ್ರಿಕೆಗಳಲ್ಲಿ ಬರುವ ರೆಪೋ ದರದ ಸುದ್ದಿಯನ್ನೂ ಹೀಗೆಯೇ ಓದಬಹುದು: ಅದು ರಿಸರ್ವ್ ಬ್ಯಾಂಕು ಉಳಿದ ಬ್ಯಾಂಕುಗಳಿಗೆ ಲೆಂಡ್ ಮಾಡುವ ದರ, ಆ ಬ್ಯಾಂಕುಗಳ ದೃಷ್ಟಿಯಲ್ಲಿ ಬಾರೋ ಮಾಡುವ ದರ.

ಸಾಲ ಮಂಜೂರಾದ ಮಾತ್ರಕ್ಕೆ ‘ಲೆಂಟ್’ ಎಂದು ಬರೆಯಬೇಡಿ. ಮಂಜೂರಾತಿ ಒಪ್ಪಿಗೆ ಮಾತ್ರ, ಹಣ ಸದಸ್ಯನ ಖಾತೆಗೆ ಹೋದ ದಿನ ಅದು ಲೆಂಟ್.

ಲೋನ್ ಎಂಬುದನ್ನು ಕ್ರಿಯಾಪದವಾಗಿ ಬಳಸುವುದು ಇಂಗ್ಲಿಷಿಗೆ ಹೊಸದಲ್ಲ. ಬ್ರಿಟನ್ನಿನಲ್ಲಿ ಅದು ಹಿಂದೆ ಸರಿಯಿತು, ಅಮೆರಿಕದಲ್ಲಿ ಉಳಿಯಿತು. ಅಲ್ಲಿ ಹಣಕ್ಕೂ ವಸ್ತುಗಳಿಗೂ ಅದನ್ನು ತಪ್ಪೆನ್ನುವುದಿಲ್ಲ. ನಮ್ಮ ಕಚೇರಿಗಳು ಬ್ರಿಟಿಷ್ ರೂಢಿಯನ್ನು ಅನುಸರಿಸುವುದರಿಂದ ಲೋನ್ ಅನ್ನು ನಾಮಪದವಾಗಿಯೇ ಇಟ್ಟುಕೊಂಡು ಲೆಂಡ್ ಅನ್ನು ಕ್ರಿಯಾಪದವಾಗಿ ಬಳಸಬೇಕೆಂಬುದು ನನ್ನ ಅಭಿಪ್ರಾಯ. ಒಂದು ವಿಷಯ ಮಾತ್ರ ಎರಡೂ ದೇಶಗಳಿಗೆ ಸಮಾನ: ಸಹಾಯ, ಬೆಂಬಲ, ಗಮನ ಇಂಥ ಕಣ್ಣಿಗೆ ಕಾಣದವುಗಳಿಗೆ ಲೆಂಡ್ ಬರಬೇಕೇ ಹೊರತು ಲೋನ್ ಬರುವುದಿಲ್ಲ. ‘ಲೆಂಡ್ ಎ ಹ್ಯಾಂಡ್’ ಎಂದರೆ ನೆರವಾಗು ಎಂದರ್ಥ. ಇದನ್ನು ಒಬ್ಬ ವಿದ್ಯಾರ್ಥಿ ಪರೀಕ್ಷೆಯಲ್ಲಿ “ಕಷ್ಟದಲ್ಲಿದ್ದ ಗೆಳೆಯನಿಗೆ ಅವನು ಕೈಕೊಟ್ಟನು” ಎಂದು ಅನುವಾದಿಸಿದ್ದ. ನಾನು ಅರ್ಧ ಅಂಕ ಕೊಟ್ಟೆ, ಏಕೆಂದರೆ ಕೈಯಾದರೂ ಸರಿಯಾಗಿತ್ತು.

ಪದಬೇರು ಅವರು ಮರಳಿ ಬರಬೇಕಾದದ್ದು ಯಾವುದು ಎಂದು ಕೇಳಿದ್ದರಿಂದ ಬೆಂಗಳೂರಿನ ಲೀಸ್ ಮನೆಗಳ ನೆನಪಾಯಿತು. ಲಕ್ಷಗಟ್ಟಲೆ ಹಣವನ್ನು ಮಾಲೀಕನಿಗೆ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಿಸಿ, ಬಿಡುವಾಗ ಆ ಹಣವನ್ನು ಪೂರ್ತಿ ಹಿಂಪಡೆಯುವ ಪದ್ಧತಿ ಅದು; ಹಳಬರು ಭೋಗ್ಯ ಎನ್ನುತ್ತಿದ್ದರು. ಅಲ್ಲಿ ಬಾಡಿಗೆದಾರನಂತೆ ಕಾಣುವವನೇ ನಿಜವಾಗಿ ಲೆಂಡರ್, ಮನೆಯ ಮಾಲೀಕ ಬಾರೋವರ್, ಬಡ್ಡಿಯ ಬದಲಿಗೆ ಮನೆ. ಎಷ್ಟೋ ಜನ ಮಾಲೀಕರಿಗೆ ತಾವು ಬಾರೋವರ್ ಎಂಬುದು ಹಣ ಹಿಂದಿರುಗಿಸಬೇಕಾದ ತಿಂಗಳಲ್ಲಿ ಮಾತ್ರ ನೆನಪಾಗುತ್ತದೆ.


ಲೆಡ್ಜರ್ ಲೆಕ್ಕಿಗ

ಮೇಷ್ಟ್ರೇ, ಅಢಾವೆಯ ಬದಿ ನೋಡಿ ಪದ ಆರಿಸುವ ಕ್ರಮ ನನಗೆ ಎಲ್ಲಕ್ಕಿಂತ ಹತ್ತಿರವೆನಿಸಿತು, ಏಕೆಂದರೆ ಆ ಬದಿಗಳಲ್ಲಿ ನಾನು ಎಡವುವುದಿಲ್ಲ. ವಾಕ್ಯವನ್ನು “ದಿ ಸೊಸೈಟಿ ಹ್ಯಾಸ್ ಲೆಂಟ್ 12 ಲ್ಯಾಕ್ಸ್ ಟು ಮೆಂಬರ್ಸ್” ಎಂದು ತಿದ್ದಿ ಇಂದು ಬೆಳಿಗ್ಗೆ ಕಳಿಸಿದ್ದೇನೆ. ಮೂರು ವರ್ಷಗಳ ಹಿಂದೆ ಇಂಥದೇ ಇನ್ನೊಂದು ಪತ್ರವನ್ನು ಇಂಗ್ಲಿಷಿನಲ್ಲಿ ಬರೆದ ನೆನಪು. ಅದರಲ್ಲಿ ಯಾವ ಪದ ಹಾಕಿದ್ದೆ ಎಂದು ನೋಡಲು ಈಗ ಹಳೆಯ ಕಡತವನ್ನು ಹುಡುಕುತ್ತಿದ್ದೇನೆ.